ಕಾರಣದ ಸಾಲು

ಆಗಸ್ಟ್ 3

ನನ್ನ ಬೆಂಕಿಪೊಟ್ಟಣಕ್ಕೆ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ. ಅದಕ್ಕೆ ಇದ್ದದ್ದನ್ನೇ ಬರೆಯುತ್ತೇನೆ. ಮೂರನೇ ಮಹಡಿ ಹತ್ತುವಾಗ ಮೊಣಕಾಲು ನನ್ನನ್ನು ಬೈಯುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ಕಿವಿ ಮಾತ್ರ ಪೂರ್ತಿ ಹೋಯಿತು. ಮೂವತ್ತೊಂದು ವರ್ಷ ಅಚ್ಚಿನ ಯಂತ್ರದ ಪಕ್ಕದಲ್ಲಿ ನಿಂತವನಿಗೆ ಇನ್ನೇನು ಬಹುಮಾನ ಸಿಗುತ್ತದೆ ಹೇಳು? ಮೊನ್ನೆ ನೀನು ಫೋನ್ ಮಾಡಿದಾಗ ನಾನು ಹತ್ತು ಸಲ "ಆಂ? ಆಂ?" ಎಂದೆನಂತೆ. ಕೊನೆಗೆ ನಮ್ಮ ಕ್ಷೌರಿಕ ಕತ್ತರಿಯೇ ಫೋನ್ ಕಿತ್ತುಕೊಂಡು ನಿನ್ನ ಜೊತೆ ಕಾಲು ಗಂಟೆ ಹರಟಿದ. ಇಟ್ಟ ಮೇಲೆ ಒಂದು ಚೀಟಿಯಲ್ಲಿ ಬರೆದು ತೋರಿಸಿದ್ದು ಇಷ್ಟೇ: "ಚೆನ್ನಾಗಿದಾಳೆ." ಕಾಲು ಗಂಟೆಗೆ ಒಂದೇ ಪದ! ಇನ್ನು ಮೇಲೆ ದಯವಿಟ್ಟು ಕಾಗದವನ್ನೇ ಬರೆ. ಕಣ್ಣು ಇನ್ನೂ ಇದೆ.

ಕತ್ತರಿಯ ಕ್ಷೌರದಂಗಡಿ ಈಗ ಅಂಗಡಿಯಲ್ಲ, ಜ್ಯೋತಿಷ್ಯಾಲಯ. ಸೆಪ್ಟೆಂಬರಿನ ಹೆಂಗಸರ ಟೆನ್ನಿಸ್ ಪಂದ್ಯಾವಳಿಗೆ ಎಲ್ಲರೂ ಈಗಿನಿಂದಲೇ ಭವಿಷ್ಯ ಹೇಳಲು ಕೂತಿದ್ದಾರೆ. ಬಸ್ಸಿನ ಡ್ರೈವರ್ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡೇ, "ಈ ಸಲ ಸುತ್ತಿಗೆ ಗೆಲ್ಲಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸಿ" ಅಂತ ಮೇಜು ಗುದ್ದುತ್ತಾನೆ, ಆ ಮಾತನ್ನು ಕತ್ತರಿ ಚೀಟಿಯಲ್ಲಿ ಬರೆದು ತೋರಿಸಿದ. ಸುತ್ತಿಗೆ ಅಂದರೆ ಆ ಜೋರು ಸರ್ವಿನವಳು. ಆಟಗಾರ್ತಿಯರ ಹೆಸರು ನಮ್ಮ ನಾಲಗೆಗೆ ಹೊರಳುವುದಿಲ್ಲವಾದ್ದರಿಂದ ಎಲ್ಲರಿಗೂ ನಾವೇ ಹೆಸರಿಟ್ಟಿದ್ದೇವೆ. ಒಬ್ಬಳು ಕೊಕ್ಕರೆ, ಒಬ್ಬಳು ನಿದ್ದೆಗಣ್ಣಿ. ನಿನಗೆ ಇಟ್ಟ ಹೆಸರು "ನಮ್ಮೋಳು". ಬಿಟ್ಟಿ ಪ್ರೀತಿ, ಇಟ್ಟುಕೋ.

ನಿಯಮ ಹಳೆಯದೇ. ಮೂವತ್ತೆರಡು ಹೆಸರಿನ ಹಾಳೆ. ಪ್ರತಿ ಪಂದ್ಯದಲ್ಲೂ ಗೆಲ್ಲುವವಳ ಹೆಸರು ಬರೆಯಬೇಕು, ಪಕ್ಕದಲ್ಲಿ ಒಂದು ಸಾಲು ಕಾರಣ ಬರೆಯಬೇಕು. ಕಾರಣ ಇಲ್ಲದಿದ್ದರೆ ಕತ್ತರಿ ಹಾಳೆಯನ್ನೇ ಹರಿದು ಹಾಕುತ್ತಾನೆ. ಆ ನಿಯಮ ತಂದವನು ನಾನೇ ತಾನೇ? ಕಾರಣವಿಲ್ಲದೆ ಹೆಸರು ಬರೆದರೆ ಅದು ಭವಿಷ್ಯವಲ್ಲ, ಬರೀ ಹಾರೈಕೆ. ಹಾಳೆಗಳನ್ನೆಲ್ಲ ಕನ್ನಡಿಯ ಪಕ್ಕ ಅಂಟಿಸುತ್ತಾರೆ. ಈ ವರ್ಷದಿಂದ ಕತ್ತರಿ ಅವುಗಳ ಫೋಟೋ ತೆಗೆದು ಮೊಬೈಲಿನಲ್ಲಿ ಅಭಿಮಾನಿಗಳ ಪುಟ ಅಂತ ಏನೋ ಇದೆಯಂತೆ, ಅಲ್ಲಿಗೂ ಹಾಕುತ್ತಾನೆ. ಯಾರು ನೋಡುತ್ತಾರೋ ಆ ದೇವರಿಗೇ ಗೊತ್ತು.

ನಿನಗೆ ಮುಖ್ಯ ಸುತ್ತಿನಲ್ಲಿ ಆಡಲು ವಿಶೇಷ ಪ್ರವೇಶ ಕೊಟ್ಟಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದೆ. ಅಪ್ಪನಿಗೆ ಹೇಳಬೇಕು ಅನ್ನಿಸಲಿಲ್ಲವೇ? ಅಂಗಡಿಯಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದೆ. ಅಭ್ಯಾಸ ಹೇಗೆ ನಡೆದಿದೆ ಬರೆ.

ಇತಿ ನಿನ್ನ ಕಿವುಡ ಅಪ್ಪ


ಆಗಸ್ಟ್ 14

ಅಪ್ಪಾ,

ಹೇಳಬಾರದು ಅಂತಲ್ಲ. ಹೇಳಿದ್ದರೆ ನೀನು ಮೊದಲು ಕೇಳುತ್ತಿದ್ದದ್ದು "ಎದುರಾಳಿ ಯಾರು?" ಅಂತ. ಎರಡನೆಯದು "ಕಷ್ಟ ಇದೆ" ಅಂತ. ಆ ಎರಡನ್ನೂ ಕೇಳಿಸಿಕೊಳ್ಳುವಷ್ಟು ಗಟ್ಟಿ ನಾನೀಗ ಇಲ್ಲ.

ನಿನಗೊಬ್ಬನಿಗೇ ಒಂದು ವಿಷಯ ಹೇಳುತ್ತೇನೆ. ಓದಿ ಈ ಕಾಗದವನ್ನು ಹರಿದು ಹಾಕು. ನನ್ನ ಎಡ ಮಣಿಕಟ್ಟು ಹೋಗಿದೆ. ಒಳಗಿನ ಸ್ನಾಯು ಅರ್ಧ ಹರಿದಿದೆ, ಆಡಬೇಡ ಎಂದರು ಡಾಕ್ಟರ್. ನನ್ನ ಬ್ಯಾಕ್‌ಹ್ಯಾಂಡ್ ಎರಡು ಕೈಯದು, ಅದರ ಬಲವೆಲ್ಲ ಎಡಗೈಯದೇ. ಬೆಳಿಗ್ಗೆ ಎದ್ದರೆ ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತಿರುಗಿಸಲು ಆಗುವುದಿಲ್ಲ. ನೋವಿನ ಸೂಜಿ ಹಾಕಿಸಿಕೊಂಡು ಒಂದೂವರೆ ಗಂಟೆ ಆಡಬಹುದು, ಅಷ್ಟೇ. ಅದೂ ಎದುರಾಳಿಗೆ ಗೊತ್ತಿಲ್ಲದಿದ್ದರೆ. ಗೊತ್ತಾಯಿತೋ, ಪ್ರತಿ ಚೆಂಡನ್ನೂ ಎಡಕ್ಕೇ ಹೊಡೆಯುತ್ತಾಳೆ, ನನ್ನ ಕಥೆ ಮುಗಿಯಿತು.

ಡಾಕ್ಟರನ್ನು ಬಿಟ್ಟರೆ ಇದು ಗೊತ್ತಿರುವುದು ನನಗೆ, ಅಕ್ಕನಿಗೆ, ಈಗ ನಿನಗೆ. ಅಕ್ಕ ಅಂದರೆ ನನ್ನ ಫಿಸಿಯೋ. ನಾಲ್ಕು ವರ್ಷದಿಂದ ನನ್ನ ಜೊತೆ ಊರೂರು ಅಲೆಯುತ್ತಿದ್ದಾಳೆ, ಒಂದೇ ಹೋಟೆಲ್ ಕೋಣೆಯಲ್ಲಿ ಮಲಗುತ್ತಾಳೆ. ದೊಡ್ಡ ಆಟಗಾರ್ತಿಯರು ಕರೆದರೂ ಹೋಗಲಿಲ್ಲ. "ನಿನ್ನ ಕೈ ನನ್ನ ಕೈಗೆ ಅಭ್ಯಾಸ ಆಗಿದೆ ಕಣೇ" ಅನ್ನುತ್ತಾಳೆ. ಕೋಚ್‌ಗೂ ಹೇಳಿಲ್ಲ. ಅವರಿಗೆ ಗೊತ್ತಾದರೆ ಟೆನ್ನಿಸ್ ಸಂಘಕ್ಕೆ ಗೊತ್ತಾಗುತ್ತದೆ, ಸಂಘಕ್ಕೆ ಗೊತ್ತಾದರೆ ಪ್ರವೇಶ ವಾಪಸ್.

ಒಂದೇ ಒಂದು ಪಂದ್ಯ ಗೆದ್ದರೆ ಸಾಕು ಅಪ್ಪಾ. ವಿಶ್ವ ಶ್ರೇಯಾಂಕದ ಮೊದಲ ನೂರರೊಳಗೆ ಬರುತ್ತೇನೆ, ಮುಂದಿನ ವರ್ಷ ದೊಡ್ಡ ಪಂದ್ಯಾವಳಿಗಳಿಗೆ ನೇರ ಪ್ರವೇಶ. ಆಮೇಲೆ ಆರು ತಿಂಗಳು ಕೈಗೆ ಬಿಡುವು ಕೊಡುತ್ತೇನೆ. ಸೋತರೆ ಸಂಘ ಈ ವರ್ಷದ ಕೊನೆಗೆ ನನ್ನನ್ನು ಕೈಬಿಡುತ್ತದೆ. ನನಗೆ ಇಪ್ಪತ್ತೊಂಬತ್ತು. ಇನ್ನೊಮ್ಮೆ ಯಾರೂ ಬಾಗಿಲು ತೆಗೆಯುವುದಿಲ್ಲ.

ಈಗ ನನ್ನ ಬೇಡಿಕೆ. ಇಂಥ ಪಂದ್ಯಾವಳಿಯಲ್ಲಿ ನಾನು ಆರು ಸಲ ಆಡಿದ್ದೇನೆ. ಆರು ಸಲವೂ ನೀನು ನಿನ್ನ ಹಾಳೆಯಲ್ಲಿ "ಮೊದಲ ಸುತ್ತಿನಲ್ಲೇ ಸೋಲು" ಎಂದು ಬರೆದೆ. ಆರು ಸಲವೂ ನಿಜವಾಯಿತು, ಅಂಗಡಿಯಲ್ಲಿ ನಿನಗೆ ಚಪ್ಪಾಳೆ ಬಿತ್ತು. ನಾನು ಆ ಹಾಳೆಗಳನ್ನು ನೋಡಿಲ್ಲ ಅಂದುಕೊಂಡಿದ್ದೀಯಾ? ಈ ಸಲ ಯಾರೇ ಎದುರು ಬರಲಿ, ನನ್ನ ಹೆಸರು ಬರೆ. ಒಂದೇ ಒಂದು ಸಲ.

ನಿನ್ನ ಮಗಳು


ಆಗಸ್ಟ್ 22

ಬೆಂಕಿಪೊಟ್ಟಣಕ್ಕೆ,

ಕಾಗದ ಓದಿ ಹರಿದು ಒಲೆಗೆ ಹಾಕಿದೆ. ಆಮೇಲೆ ಎರಡು ದಿನ ಊಟ ಸೇರಲಿಲ್ಲ.

ಡಾಕ್ಟರ್ ಬೇಡ ಎಂದರೆ ಬೇಡ. ಕೈ ಇದ್ದರೆ ಆಟ. ಆಟ ಹೋದರೂ ಕೈ ಬೇಕು, ಅನ್ನ ತಿನ್ನಲಿಕ್ಕಾದರೂ. ಆದರೆ ನಾನು ಹೇಳಿದರೆ ನೀನು ಕೇಳುತ್ತೀಯಾ? ನಿನ್ನಮ್ಮ ಹೇಳಿದ್ದನ್ನೇ ಕೇಳದವಳು.

ಇನ್ನು ನಿನ್ನ ಬೇಡಿಕೆ. ನಿನ್ನಮ್ಮ ಇದ್ದಾಗಲೂ ಪ್ರತಿ ಸಲ ಇದೇ ರಾಮಾಯಣ. "ಒಂದು ಸಲ ಮಗಳ ಹೆಸರು ಬರೆದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಪಾತ್ರೆ ಕುಕ್ಕುತ್ತಿದ್ದಳು. ನಾನು ಹೇಳುತ್ತಿದ್ದೆ, ಹೆತ್ತವರಿಗೆ ಹೆಗ್ಗಣ ಮುದ್ದು, ಅದಕ್ಕೇ ಹೆತ್ತವನು ಹೆಚ್ಚು ಹುಷಾರಾಗಿರಬೇಕು ಅಂತ. ನಾನು ನಿನ್ನ ಹೆಸರು ಬರೆದ ದಿನ ಎಲ್ಲರೂ ನಗುತ್ತಾರೆ, "ಮುದುಕನಿಗೆ ಮಗಳ ಮೋಹ" ಅನ್ನುತ್ತಾರೆ. ನಾನು ಸೋಲು ಎಂದು ಬರೆದದ್ದರಿಂದ ನೀನು ಸೋಲಲಿಲ್ಲವಲ್ಲ?

ಈಗ ನನ್ನಿಂದ ಸುಳ್ಳು ಬರೆಸಬೇಡ ಮಗಳೇ. ಬೇರೆ ಏನಾದರೂ ಕೇಳು.

ಇತಿ ನಿನ್ನ ಅಪ್ಪ


ಸೆಪ್ಟೆಂಬರ್ 6

ನನ್ನ ಬೆಂಕಿಪೊಟ್ಟಣಕ್ಕೆ,

ಈ ಕಾಗದ ಸಿಗುವ ಹೊತ್ತಿಗೆ ನಿನ್ನ ಪಂದ್ಯ ಮುಗಿದಿರುತ್ತದೆ. ಆದರೂ ಇವತ್ತೇ ಬರೆಯಬೇಕು, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ನಿನ್ನೆ ಯಾರಿಗೆ ಯಾರು ಎದುರು ಎಂಬ ಡ್ರಾ ಬಂತು. ನಿನಗೆ ಕೊಕ್ಕರೆ. ಏಳನೇ ಶ್ರೇಯಾಂಕ, ಆರಡಿ ಎರಡಂಗುಲ. ಅಂಗಡಿ ಮೌನವಾಯಿತು ಎಂದು ನನಗೆ ಕಂಡಿತು, ಎಲ್ಲರ ಬಾಯಿ ಮುಚ್ಚಿತ್ತಲ್ಲ. ಬಸ್ಸಿನ ಡ್ರೈವರ್ ನನ್ನ ಭುಜ ತಟ್ಟಿ ತಲೆ ಅಲ್ಲಾಡಿಸಿದ. ಶಾಲೆಯ ಡ್ರಿಲ್ ಟೀಚರಮ್ಮ "ನಮ್ಮೋಳು" ಎದುರು ಸೋಲಿನ ಗೆರೆ ಎಳೆಯುವಾಗ ನನ್ನ ಕಡೆ ನೋಡಲಿಲ್ಲ.

ಹಾಳೆ ಮುಂದಿಟ್ಟುಕೊಂಡು ಒಂದು ಗಂಟೆ ಕೂತೆ. ಮೂವತ್ತು ಪಂದ್ಯ ಸರಸರನೆ ತುಂಬಿದೆ, ನಿನ್ನದೊಂದು ಖಾಲಿ. ಪೇಸ್ಟಿನ ಮುಚ್ಚಳ ತಿರುಗಿಸಲಾಗದ ಕೈ ನೆನಪಾಯಿತು. ಆ ಕೈ ಹಿಡಿದುಕೊಂಡು ಆಡಲು ಹೊರಟವಳು ಅಪ್ಪನ ಹತ್ತಿರ ಏನು ಕೇಳಿದಳು? ಒಂದು ಹೆಸರು. ಆಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಬರೆದೆ ಮಗಳೇ. ಮಸಿಯ ಪೆನ್ನಿನಲ್ಲಿ ದಪ್ಪ ಅಕ್ಷರದಲ್ಲಿ ನಿನ್ನ ಹೆಸರು ಬರೆದೆ.

ಆದರೆ ಕಾರಣ ಬೇಕಲ್ಲ! ಸುಳ್ಳು ಕಾರಣ ಬರೆಯಲು ಕೈ ಬರಲಿಲ್ಲ. ಇದ್ದ ನಿಜವನ್ನೇ ಬರೆದೆ. ಏನು ಬರೆದೆ ಅಂತ ಕೇಳಬೇಡ, ನೀನು ಬಂದಾಗ ತೋರಿಸುತ್ತೇನೆ, ಓದಿದರೆ ಕಣ್ಣಲ್ಲಿ ನೀರು ಬರುತ್ತದೆ. ಕತ್ತರಿಗಂತೂ ಬಂತು. ಗಿರಾಕಿಯ ತಲೆ ಅರ್ಧಕ್ಕೇ ಬಿಟ್ಟು ಎದ್ದು ಬಂದು ನನ್ನನ್ನು ತಬ್ಬಿಕೊಂಡ. "ಇಂಥ ಕಾರಣ ಇಲ್ಲಿವರೆಗೆ ಯಾರೂ ಬರೆದಿಲ್ಲ" ಎಂದು ಚೀಟಿಯಲ್ಲಿ ಬರೆದು ಕೊಟ್ಟ. ಹಾಳೆಯನ್ನು ಕನ್ನಡಿಯ ನಟ್ಟನಡುವೆ ಅಂಟಿಸಿದ್ದಾನೆ, ಫೋಟೋನೂ ತೆಗೆದ.

ಗೆದ್ದು ಬಾ. ಸೋತರೂ ಬಾ.

ಇತಿ ನಿನ್ನ ಅಪ್ಪ


ಸೆಪ್ಟೆಂಬರ್ 17

ಅಪ್ಪಾ,

ಬಲಗೈ ಇರುವುದರಿಂದ ಬರೆಯುತ್ತಿದ್ದೇನೆ. ಎಡಗೈ ಮೊಣಕೈವರೆಗೆ ಪಟ್ಟಿಯಲ್ಲಿದೆ.

ಪತ್ರಿಕೆಯಲ್ಲಿ ಅಂಕ ನೋಡಿರುತ್ತೀಯ. ಆರು ಒಂದು, ಆರು ಸೊನ್ನೆ. ನಲವತ್ತೊಂಬತ್ತು ನಿಮಿಷ. ಮೊದಲ ಚೆಂಡು ಎಡಕ್ಕೆ ಬಂತು. ಎರಡನೆಯದು ಎಡಕ್ಕೆ. ಮೂರನೆಯದು ಬಂದಾಗ ನನಗೆ ಅರ್ಥವಾಯಿತು. ಅವಳು ಸಾಮಾನ್ಯವಾಗಿ ಹಾಗೆ ಆಡುವುದೇ ಇಲ್ಲ, ಬಲಕ್ಕೆ ಹೊಡೆಯುವುದು ಅವಳ ಅಭ್ಯಾಸ. ಅವತ್ತು ಎತ್ತರದ ಚೆಂಡು, ಭುಜದ ಮಟ್ಟಕ್ಕೆ, ಪ್ರತಿ ಸಲವೂ ಎಡಕ್ಕೆ. ಎರಡನೇ ಸೆಟ್ಟಿನ ನಾಲ್ಕನೇ ಆಟದಲ್ಲಿ ಕೈಯೊಳಗೆ ಏನೋ ಕಡಿದುಕೊಂಡಿತು, ಸದ್ದು ನನಗೆ ಕೇಳಿಸಿತು. ಆದರೂ ಕೊನೆಯವರೆಗೆ ಆಡಿದೆ, ಒಂದೇ ಕೈಯಲ್ಲಿ. ಜನ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಅದನ್ನೂ ನಿಲ್ಲಿಸಿದರು.

ಆಪರೇಷನ್ ಆಯಿತು. ಪೂರ್ತಿ ಹರಿದಿತ್ತಂತೆ. ಬಾಗಿಲ ಚಿಲಕ, ಶರ್ಟಿನ ಗುಂಡಿ, ಇಷ್ಟು ಮಾಡಬಹುದು ಎಂದರು ಡಾಕ್ಟರ್. ರ‍್ಯಾಕೆಟ್ ವಿಷಯ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎದುರಾಳಿಯ ಕಡೆಯವರಿಗೆ ಹೇಗೆ ಗೊತ್ತಾಯಿತು ಎಂಬುದೇ ಎಲ್ಲರ ಪ್ರಶ್ನೆ. ಕೋಚ್ ಲಾಕರ್ ಕೋಣೆಯಲ್ಲೇ ಕೂಗಾಡಿದರು. "ನನಗೇ ಹೇಳದ ವಿಷಯ ಅವರಿಗೆ ಹೇಳಿದ್ದು ಯಾರು?" ಅಂತ. ಡಾಕ್ಟರನ್ನು ಬಿಟ್ಟರೆ ಗೊತ್ತಿದ್ದದ್ದು ಮೂರೇ ಜನಕ್ಕೆ. ನಾನು ಅಕ್ಕನನ್ನು ಕೆಲಸದಿಂದ ತೆಗೆದೆ. ಎಲ್ಲರ ಎದುರಿಗೇ. ಅವಳ ಹೆಸರು ಸಂಘಕ್ಕೂ ಹೋಯಿತು, ಇನ್ನು ಯಾವ ಆಟಗಾರ್ತಿಯೂ ಅವಳನ್ನು ಕರೆಯುವುದಿಲ್ಲ.

ನಿನ್ನ ಕಾಗದ ಬಂತು. ನನ್ನ ಹೆಸರು ಬರೆದೆಯಲ್ಲ, ಅದಕ್ಕೆ ಥ್ಯಾಂಕ್ಸ್.

ನಿನ್ನ ಮಗಳು


ಸೆಪ್ಟೆಂಬರ್ 27

ಬೆಂಕಿಪೊಟ್ಟಣಕ್ಕೆ,

ಏನು ಬರೆಯಲಿ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟಿವಿಯಲ್ಲಿ ನೋಡಿದೆ. ಎರಡನೇ ಸೆಟ್ಟಿನಲ್ಲಿ ನೀನು ಮುಖ ಕಿವುಚಿದಾಗ ಅಂಗಡಿಯಲ್ಲಿ ಯಾರೋ ಟಿವಿ ಆರಿಸಿದರು.

ಮನೆಗೆ ಬಂದುಬಿಡು. ನಿನ್ನ ಕೋಣೆಯ ಕಿಟಕಿಯ ಚಿಲಕ ಸರಿ ಮಾಡಿಸಿದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಕೊಳಾಯಿಯವನು ಬಂದು ಹೊಸ ವಾಷರ್ ಹಾಕಿದ. ಕೆಳಗಿನ ಮನೆಯವರು ಬಿಟ್ಟು ಹೋದರು, ಹೊಸಬರು ಬಂದಿದ್ದಾರೆ, ಅವರಿಗೊಂದು ಬೆಕ್ಕು ಇದೆ.

ಎದುರಾಳಿಗೆ ಹೇಗೆ ಗೊತ್ತಾಯಿತು ಅಂತ ತಲೆ ಕೆಡಿಸಿಕೊಳ್ಳಬೇಡ. ಅವರಿಗೂ ಕಣ್ಣಿದೆ, ಅಭ್ಯಾಸದಲ್ಲಿ ನೋಡಿರಬಹುದು. ಇನ್ನು ಆ ಫಿಸಿಯೋ ವಿಷಯ. ಹೋದವಳು ಹೋದಳು ಬಿಡು. ಈ ಕಾಲದಲ್ಲಿ ಯಾರನ್ನು ನಂಬುವುದು?

ಇತಿ ಅಪ್ಪ


ಅಕ್ಟೋಬರ್ 8

ಅಪ್ಪಾ,

ಪಟ್ಟಿ ಬಿಚ್ಚಿದರು. ಕೈ ತೆಳ್ಳಗಾಗಿ ಬೇರೆ ಯಾರದೋ ಕೈಯಂತೆ ಕಾಣುತ್ತದೆ. ಸಂಘದಿಂದ ಕಾಗದ ಬಂತು, ಎರಡು ಸಾಲು, ಕೈಬಿಟ್ಟಿದ್ದಾರೆ. ಗೆಳತಿಯ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಈಗಲೇ ಊರಿಗೆ ಬರುವುದಿಲ್ಲ.

ಅಕ್ಕನ ಬಗ್ಗೆ ಹಾಗೆ ಬರೆದೆಯಲ್ಲ, ಬರೆಯುವಾಗ ನಿನಗೆ ಏನೂ ಅನ್ನಿಸಲಿಲ್ಲವಾ?

ನನಗೆ ಹೇಳುವುದು ಏನಾದರೂ ಇದೆಯಾ ಅಪ್ಪಾ? ಇದ್ದರೆ ಹೇಳು. ನಾನು ಕೇಳುತ್ತೇನೆ.

ಮಗಳು


ಅಕ್ಟೋಬರ್ 16

ಬೆಂಕಿಪೊಟ್ಟಣಕ್ಕೆ,

ಹೇಳುವುದೇನಿದೆ? ಕೈಗೆ ಬಿಸಿ ನೀರಿನ ಶಾಖ ಕೊಡು. ಹೊತ್ತು ಹೊತ್ತಿಗೆ ಊಟ ಮಾಡು. ನನಗೆ ಸ್ವಲ್ಪ ನೆಗಡಿ. ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದೇನೆ, ಅಲ್ಲಿಯ ಮೆಟ್ಟಿಲು ಹತ್ತಲು ಆಗುವುದಿಲ್ಲ.

ಅಪ್ಪ


ಅಕ್ಟೋಬರ್ 30

ಹಿರಿಯರಿಗೆ,

ನಾವು ಮುಖ ಕಂಡವರಲ್ಲ. ನಿಮ್ಮ ಮಗಳ ಕೈಯನ್ನು ನಾಲ್ಕು ವರ್ಷ ತಿಕ್ಕಿದವಳು ನಾನು. ನಿಮಗೆ ಕಿವಿ ಕೇಳಿಸುವುದಿಲ್ಲ ಎಂದು ಅವಳು ಹೇಳಿದ್ದಳು. ವಿಳಾಸ ಅವಳು ಬರೆದ ಲಕೋಟೆಗಳ ಮೇಲೆ ನೋಡಿ ನೋಡಿ ಬಾಯಿಪಾಠವಾಗಿದೆ, ಎಷ್ಟೋ ಸಲ ಅಂಚೆಗೆ ಹಾಕಿದ್ದೇ ನಾನು.

ಈಗ ನಾನು ವೃದ್ಧಾಶ್ರಮವೊಂದರಲ್ಲಿದ್ದೇನೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವ ಕೆಲಸ. ಆಟದವರು ಯಾರೂ ಕೆಲಸ ಕೊಡಲಿಲ್ಲ. ಐದು ಕಡೆ ಕೇಳಿದೆ. ಐದನೆಯ ಕಡೆಯವರು ಮುಖಕ್ಕೇ ಹೇಳಿದರು, "ನೀವು ಗುಟ್ಟು ಮಾರೋರಂತೆ" ಅಂತ.

ನಾನು ಹೇಳಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾಗಾದರೆ ಯಾರು ಎಂದು ರಜೆಯ ದಿನಗಳಲ್ಲಿ ಮೊಬೈಲಿನಲ್ಲಿ ಹುಡುಕಿದೆ. ಅಭಿಮಾನಿಗಳ ಪುಟಗಳು ಎಷ್ಟಿವೆ ಎಂದು ನಿಮಗೆ ಗೊತ್ತಿಲ್ಲ, ಯಾರು ಗೆಲ್ಲುತ್ತಾರೆ ಎಂದು ಭವಿಷ್ಯ ಹೇಳುವವರು ಸಾವಿರಾರು. ಅವುಗಳಲ್ಲಿ ಒಂದು ಹಾಳೆ ಸಿಕ್ಕಿತು. ಮೂಲ ಫೋಟೋವನ್ನು ಯಾರೋ ತೆಗೆದುಹಾಕಿದ್ದಾರೆ, ಆದರೆ ಅಷ್ಟರಲ್ಲಿ ಬೇರೆಯವರು ಹಂಚಿಕೊಂಡಿದ್ದರು. ಮೊದಲ ಸುತ್ತು, ಅವಳ ಹೆಸರು, ಪಕ್ಕದಲ್ಲಿ ಕಾರಣ. "ಎಡ ಮಣಿಕಟ್ಟು ಅರ್ಧ ಹರಿದಿದ್ದರೂ ಸೂಜಿ ಹಾಕಿಸಿಕೊಂಡು ಆಡಲು ನಿಂತವಳು. ಇಂಥವಳನ್ನು ಯಾರು ಸೋಲಿಸುತ್ತಾರೆ? ಇದು ಇವಳ ಅಪ್ಪನಿಗೆ ಮಾತ್ರ ಗೊತ್ತು." ಕೆಳಗೆ ಎದುರಾಳಿಯ ಊರಿನ ಅಭಿಮಾನಿಯೊಬ್ಬ ಅದನ್ನು ತನ್ನ ಭಾಷೆಗೆ ತಿರುಗಿಸಿ ಹಾಕಿದ್ದಾನೆ. ಪಂದ್ಯಕ್ಕೆ ಎರಡು ದಿನ ಮುಂಚೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಬಿದ್ದದ್ದು ನನಗೆ.

ನಾನು ಇದನ್ನು ಅವಳಿಗೆ ಹೇಳುವುದಿಲ್ಲ. ದೊಡ್ಡ ಮನಸ್ಸಿನಿಂದಲ್ಲ. ನಾನು ಹೇಳಿದರೆ ನನ್ನ ಚರ್ಮ ಉಳಿಸಿಕೊಳ್ಳಲು ಅಪ್ಪನ ಮೇಲೆ ಹಾಕಿದಳು ಎಂದಾಗುತ್ತದೆ. ನಿಮ್ಮ ಬಾಯಿಂದಲೇ ಬರಬೇಕು. ಬರುತ್ತದೋ ಇಲ್ಲವೋ ನಿಮಗೆ ಬಿಟ್ಟದ್ದು.

ಇನ್ನೊಂದು ಮಾತು. ತಣ್ಣನೆ ನೀರಿನಲ್ಲಿ ಆ ಕೈ ಅದ್ದಬಾರದು ಎಂದು ಅವಳಿಗೆ ಬರೆಯಿರಿ. ಯಾರೂ ಹೇಳಿರಲಿಕ್ಕಿಲ್ಲ.

ಅವಳ ಹಳೆಯ ಫಿಸಿಯೋ


ನವೆಂಬರ್ 4

ಮಗಳೇ,

ನಾನೇ.

ಈ ಒಂದು ಪದ ಬರೆಯಲು ಆರು ವಾರ ಬೇಕಾಯಿತು. ನಿನ್ನ ಫಿಸಿಯೋ ಕಾಗದ ಬರೆದಿದ್ದಾಳೆ, ಅದನ್ನೂ ಇದರೊಳಗೆ ಇಟ್ಟಿದ್ದೇನೆ, ಓದು. ಅವಳು ಬರೆಯದಿದ್ದರೆ ನಾನು ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಹೇಳುತ್ತಿದ್ದೆ ಎಂದು ಬರೆದರೆ ಅದು ಸುಳ್ಳು.

ಟಿವಿಯಲ್ಲಿ ನೋಡುವಾಗ ಹೊಳೆಯದ್ದು, ನಿನ್ನ ಸೆಪ್ಟೆಂಬರಿನ ಕಾಗದದಲ್ಲಿ "ಪ್ರತಿ ಸಲವೂ ಎಡಕ್ಕೆ" ಎಂದು ಓದಿದ ಕ್ಷಣವೇ ನನಗೆ ಗೊತ್ತಾಯಿತು. ಕಾಗದ ಕೈಯಲ್ಲಿ ಹಿಡಿದುಕೊಂಡೇ ಕತ್ತರಿಯ ಹತ್ತಿರ ಓಡಿದೆ. "ಆ ಫೋಟೋ ತೆಗಿ, ಈಗಲೇ ತೆಗಿ" ಎಂದು ಕೂಗಿದೆ. ಅಂಗಡಿಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರು, ಕಿವುಡನಿಗೆ ತನ್ನ ದನಿ ಎಷ್ಟು ದೊಡ್ಡದು ಎಂದು ಗೊತ್ತಾಗುವುದಿಲ್ಲ. ಕತ್ತರಿ ಏನೂ ಕೇಳದೆ ತೆಗೆದ. ಎಷ್ಟು ಜನ ನೋಡಿದ್ದಾರೆ ಎಂದು ಕೇಳಿದೆ. ಚೀಟಿಯಲ್ಲಿ ಬರೆದ, ನಾಲ್ಕು ಸಾವಿರದ ಇನ್ನೂರು. ನಮ್ಮ ಅಂಗಡಿಯವರನ್ನು ಬಿಟ್ಟರೆ ಅದನ್ನು ಯಾರೂ ನೋಡುವುದಿಲ್ಲ ಅಂದುಕೊಂಡಿದ್ದೆ. ಕನ್ನಡಿಯ ಮೇಲಿನ ಹಾಳೆಯನ್ನು ನಾನೇ ಕಿತ್ತು ಚೂರು ಮಾಡಿದೆ. ಮೆಟ್ಟಿಲು ಹತ್ತಲಾಗದೆ ಅಂಗಡಿ ಬಿಟ್ಟೆ ಎಂದು ಬರೆದೆನಲ್ಲ, ಅಂಗಡಿಗೆ ಮೆಟ್ಟಿಲೇ ಇಲ್ಲ. ಅವರ ಮುಖ ನೋಡಲಾಗದೆ ಬಿಟ್ಟೆ.

ಆಮೇಲೆ ಮನೆಗೆ ಬಂದು ಕೂತು ನಿನಗೆ ನಲ್ಲಿಯ ವಾಷರ್ ಬಗ್ಗೆ ಬರೆದೆ. "ಹೋದವಳು ಹೋದಳು ಬಿಡು" ಎಂದು ಬರೆದೆ. ಆ ಸಾಲು ಬರೆಯುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಗೊತ್ತೇ? ಸದ್ಯ, ನನ್ನ ಮೇಲೆ ಬರಲಿಲ್ಲ ಎಂಬ ನೆಮ್ಮದಿ. ಇದನ್ನು ನಾನು ಯಾವ ದೇವರೆದುರೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ನೀನು ಒಬ್ಬಳೇ ನನಗೆ ಉಳಿದವಳು. ನಿನ್ನನ್ನೂ ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆಗೆ ಇನ್ನೊಬ್ಬ ಹೆಣ್ಣುಮಗಳ ಅನ್ನ ಕಿತ್ತುಕೊಂಡದ್ದನ್ನು ನೋಡಿಕೊಂಡು ಕೂತೆ.

ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ಇಲ್ಲ. ಆದರೂ ಕೇಳುತ್ತಿದ್ದೇನೆ. ಅವಳನ್ನು ವಾಪಸ್ ಕರೆ. ಸಂಘಕ್ಕೆ ನಾನೇ ಬರೆಯುತ್ತೇನೆ, ಯಾರ ಹೆಸರಿಗೆ ಬರೆಯಬೇಕು ಹೇಳು.

ತಣ್ಣನೆ ನೀರಿನಲ್ಲಿ ಕೈ ಅದ್ದಬೇಡವಂತೆ.

ಅಪ್ಪ


ನವೆಂಬರ್ 20

ಅಪ್ಪಾ,

ನನಗೆ ಗೊತ್ತಿತ್ತು.

ಪಂದ್ಯದ ಹಿಂದಿನ ಸಂಜೆ ಹೋಟೆಲ್ ಕೋಣೆಯಲ್ಲಿ ಒಬ್ಬಳೇ ಇದ್ದೆ, ಅಕ್ಕ ಐಸ್ ತರಲು ಹೋಗಿದ್ದಳು. ನೀನು ನನ್ನ ಹೆಸರು ಬರೆದಿದ್ದೀಯೋ ಇಲ್ಲವೋ ನೋಡೋಣ ಎಂದು ಕತ್ತರಿ ಮಾಮ ಹಾಳೆಗಳ ಫೋಟೋ ಹಾಕುವ ಪುಟ ತೆಗೆದೆ. ನೀನು ಬರೆದಿದ್ದೆ. ಮೊದಲು ಎಷ್ಟು ಖುಷಿಯಾಯಿತು ಅಂದರೆ ಹಾಸಿಗೆಯ ಮೇಲೆ ಕೂತು ಜೋರಾಗಿ ನಕ್ಕೆ. ಆಮೇಲೆ ಕಾರಣ ಓದಿದೆ. ಅದರ ಕೆಳಗೆ ಬೇರೆ ಭಾಷೆಯಲ್ಲಿ ಬರೆದದ್ದನ್ನೂ ನೋಡಿದೆ. ಅವರು ಓದಿದ್ದಾರೆ ಎಂದು ಗೊತ್ತಾಯಿತು. ಅವತ್ತೇ ಹೆಸರು ಹಿಂದಕ್ಕೆ ಪಡೆಯಬಹುದಿತ್ತು. ಕೈ ಉಳಿಯುತ್ತಿತ್ತು. ನನಗೆ ಒಂದು ಸಲವಾದರೂ ನೀನು ಬರೆದದ್ದನ್ನು ನಿಜ ಮಾಡಬೇಕು ಅನ್ನಿಸಿತು. ಹಟ. ಆ ತಪ್ಪು ನನ್ನದು, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಲಾಕರ್ ಕೋಣೆಯಲ್ಲಿ ಕೋಚ್ "ಯಾರು? ಯಾರು?" ಎಂದು ಕೂಗುವಾಗ ನಿನ್ನ ಹೆಸರು ನನ್ನ ಬಾಯಿಗೆ ಬರಲಿಲ್ಲ. ನಾಳೆ ಪತ್ರಿಕೆಯಲ್ಲಿ "ಅಪ್ಪನೇ ಗುಟ್ಟು ಬಿಟ್ಟುಕೊಟ್ಟ" ಎಂದು ಬರುತ್ತದೆ, ನೀನು ಅದನ್ನು ಅಂಗಡಿಯಲ್ಲಿ ಓದುತ್ತೀಯ ಅನ್ನಿಸಿತು. ಅಕ್ಕ ಎದುರಿಗೇ ನನ್ನ ಕೈಗೆ ಐಸ್ ಹಿಡಿದುಕೊಂಡು ಕೂತಿದ್ದಳು. ನಾನು ಅವಳ ಕಡೆ ಬೆರಳು ತೋರಿಸಿದೆ. ಅವಳು ನನ್ನ ಮುಖ ನೋಡಿದಳು. "ಸರಿ" ಎಂದಳು. ಐಸ್ ಚೀಲವನ್ನು ಬೆಂಚಿನ ಮೇಲಿಟ್ಟು ಎದ್ದು ಹೋದಳು.

ನಿನಗೆ ಕಾಗದ ಬರೆದಾಗ ಏನೂ ಗೊತ್ತಿಲ್ಲದವಳ ಹಾಗೆ ಬರೆದೆ. ಯಾಕೆಂದರೆ ನಾನೂ ಒಂದು ಭವಿಷ್ಯ ಬರೆದಿದ್ದೆ ಅಪ್ಪಾ. ಮರುಟಪಾಲಿನಲ್ಲೇ ಅಪ್ಪ "ನಾನೇ" ಎಂದು ಬರೆಯುತ್ತಾನೆ ಅಂತ. ಕಾರಣ: ಮಗಳಿಗೋಸ್ಕರವೂ ಸುಳ್ಳು ಬರೆಯಲು ಒಪ್ಪದ ಮನುಷ್ಯ ಇವನು. ನೀನು ಬರೆದ ದಿನವೇ ಅಕ್ಕನ ಕಾಲಿಗೆ ಬಿದ್ದು ಕರೆದುಕೊಂಡು ಬರುತ್ತೇನೆ, ಆಗ ನಾವಿಬ್ಬರೂ ಅವಳೆದುರು ನಾಚಿಕೆಪಟ್ಟರೆ ಆಯಿತು ಎಂದುಕೊಂಡಿದ್ದೆ. ಬಂದದ್ದು ವಾಷರ್. ಆಮೇಲೆ ನೆಗಡಿ. ನೀನು ಸುಮ್ಮನಿದ್ದೆ, ನಾನೂ ಸುಮ್ಮನಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತೆವು, ಅಷ್ಟು ದಿನವೂ ಅವಳು ಮುದುಕರ ಮಗ್ಗುಲು ಬದಲಾಯಿಸುತ್ತಿದ್ದಳು.

ನಿನ್ನ ಕಾಗದ ಬಂದ ಮರುದಿನ ವಿಳಾಸ ವಿಚಾರಿಸಿಕೊಂಡು ಆ ಆಶ್ರಮಕ್ಕೆ ಹೋದೆ. ಎರಡು ಬಸ್ಸು ಬದಲಾಯಿಸಬೇಕು. ಅಕ್ಕ ಒಬ್ಬ ಅಜ್ಜಿಯ ಉಗುರು ಕತ್ತರಿಸುತ್ತಿದ್ದಳು. ನಿಲ್ಲಿಸಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ನನಗೆ ಮೊದಲೇ ಗೊತ್ತಿತ್ತು ಎಂಬುದನ್ನೂ. ಅದೊಂದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿವರೆಗೆ ಅವಳು ನನ್ನನ್ನು ಮೋಸಹೋದವಳು ಎಂದುಕೊಂಡಿದ್ದಳು, ಅದಕ್ಕೇ ಕೈಯ ಬಗ್ಗೆ ನಿನಗೆ ಬರೆದದ್ದು. ಉಗುರು ಕತ್ತರಿ ಒಂದು ಕ್ಷಣ ನಿಂತಿತು, ಮತ್ತೆ ನಡೆಯಿತು. ಸಂಘಕ್ಕೆ ಬರೆಯುತ್ತೇನೆ, ಪತ್ರಿಕೆಗೆ ಹೇಳುತ್ತೇನೆ, ಬಾ ಅಕ್ಕ ಎಂದೆ.

"ಬರೆಯೋದಿದ್ರೆ ಬರಿ, ಅದು ನಿನ್ನ ಬಾಕಿ. ನಾನು ಬರಲ್ಲ" ಎಂದಳು.

ಅಳುತ್ತಾ ಬೇಡಿಕೊಂಡೆ. ಅಜ್ಜಿ ಕಣ್ಣರಳಿಸಿ ನನ್ನನ್ನೇ ನೋಡುತ್ತಿತ್ತು. ಅಕ್ಕ ಉಗುರಿನ ಚೂರುಗಳನ್ನು ಕಾಗದದಲ್ಲಿ ಮಡಚಿ ಎದ್ದಳು. ಆಗ ಹೇಳಿದಳು, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವವಳ ಹಾಗೆ: "ನಿನ್ನನ್ನ ಉಳಿಸ್ಕೊಳ್ಳೋಕೆ ಅವರು ಸುಮ್ಮನಿದ್ರು. ಅವರನ್ನ ಉಳಿಸ್ಕೊಳ್ಳೋಕೆ ನೀನು ನನ್ನ ತೋರಿಸ್ದೆ. ಅಪ್ಪ ಮಗಳು ಅಂದ್ಮೇಲೆ ಅದು ಇರೋದೇ. ನಾನು ನಿಮಗೆ ಏನಾಗಿದ್ದೆ?"

ಮಡಚಿದ ಕಾಗದವನ್ನು ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ಪಕ್ಕದ ಹಾಸಿಗೆಗೆ ಹೋದಳು.

ಸಂಘಕ್ಕೂ ಪತ್ರಿಕೆಗೂ ನಾನು ಬರೆದಾಗಿದೆ, ನಿನ್ನ ಹೆಸರೂ ಇದೆ, ನನ್ನ ಹೆಸರೂ ಇದೆ. ಈ ವಾರ ಬರುತ್ತದೆ, ಓದಿಕೋ. ಅವಳು ಕೇಳಿದ್ದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ಅವಳಿಗೆ ಬರೆ. ವಿಳಾಸ ಈ ಲಕೋಟೆಯ ಹಿಂದೆ ಇದೆ. ನನಗೆ ಇನ್ನು ಬರೆಯಬೇಡ.

ನಿನ್ನ ಮಗಳು